ಅತ್ತೆಯ ಮುಳ್ಳಿಲ್ಲದ ವಾಚು

ಕೊಪ್ಪದ ನಮ್ಮ ಮನೆಯಲ್ಲಿ ಒಂದು ಕಾಲಕ್ಕೆ ಮೂರು ಸಂಶೋಧನೆಗಳು ಒಟ್ಟಿಗೆ ನಡೆಯುತ್ತಿದ್ದವು. ಮೂರೇ ಜನ ಇರುವ ಮನೆಗೆ ಇದು ಸ್ವಲ್ಪ ಹೆಚ್ಚೇ ಆಯಿತು. ನಾನು ಹಲ್ಲಿನ ಡಾಕ್ಟರು. ಮಧ್ಯಾಹ್ನದ ಮೇಲೆ ಪೇಟೆಯಲ್ಲಿ ನನ್ನ ಕ್ಲಿನಿಕ್ಕು. ಬೆಳಿಗ್ಗೆ ಶಾಲೆ ಶಾಲೆ ತಿರುಗಿ, ಮಕ್ಕಳಿಗೆ ಹಲ್ಲುಜ್ಜುವುದನ್ನು ಪಾಠ ಮಾಡಿ ಹೇಳಿದರೆ ತಲೆಗೆ ಹತ್ತುತ್ತದೋ, ಉಜ್ಜಿ ತೋರಿಸಿದರೆ ಹತ್ತುತ್ತದೋ ಎಂದು ನೋಡುವುದು ನನ್ನ ಸಂಶೋಧನೆ. ನನ್ನ ಗಂಡ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು. ಅಡಿಕೆ ಬೇಯಿಸಿದ ನೀರು ಕುದ್ದು ಕುದ್ದು ಗಟ್ಟಿಯಾಗಿ ಚೊಗರು ಆಗುತ್ತದಲ್ಲ, ಅದರೊಳಗಿನ ಕೆಂಪು ಎಲ್ಲಿಂದ ಬಂತು, ಯಾವ ಕಾರ್ಬನ್ನಿಗೆ ಏನು ಅಂಟಿಕೊಂಡು ಬಂತು ಎಂದು ಹುಡುಕುವುದು ಅವರ ಪಿಎಚ್‌ಡಿ. ಮದುವೆಯಾದಾಗಿನಿಂದ ಹುಡುಕುತ್ತಿದ್ದಾರೆ. ಮೂರನೆಯ ಸಂಶೋಧನೆ ಅತ್ತೆಯ ಕೈಯ ಮೇಲೆ ನಡೆಯುತ್ತಿತ್ತು. ಅತ್ತೆ ಸಂಶೋಧಕಿ ಅಲ್ಲ, ರೋಗಿ. ಆದರೂ ಮೂವರಲ್ಲಿ ಹೆಚ್ಚು ತಲೆ ಓಡಿಸಿದವರು ಅವರೇ.

ಅತ್ತೆಗೆ ಬಲಗೈ ನಡುಗಲು ಶುರುವಾಗಿ ಕೆಲವು ವರ್ಷವಾಗಿತ್ತು. ಡಾಕ್ಟರು ಪಾರ್ಕಿನ್ಸನ್ ಎಂದರು. ಅತ್ತೆ ಆ ಹೆಸರನ್ನು ಬಾಯಿಗೇ ತಂದುಕೊಳ್ಳಲಿಲ್ಲ. "ಕೈಗೆ ಅದರದ್ದೇ ಒಂದು ಕೆಲಸ ಶುರುವಾಗಿದೆ, ನನ್ನ ಕೇಳೂದಿಲ್ಲ" ಎನ್ನುತ್ತಿದ್ದರು. ಬಯಲುಸೀಮೆಯ ದೊಡ್ಡ ಆಸ್ಪತ್ರೆಯೊಂದರಿಂದ ನರರೋಗದ ಒಬ್ಬ ಡಾಕ್ಟರಮ್ಮ ಬಂದು ಇಲ್ಲಿ ಶಿಬಿರ ಮಾಡಿದಾಗ ನಾನೇ ಅತ್ತೆಯನ್ನು ಕರೆದುಕೊಂಡು ಹೋದೆ. ಆ ಹುಡುಗಿ ಅತ್ತೆಯ ಬಲಗೈ ಮಣಿಕಟ್ಟಿಗೆ ಕಪ್ಪು ರಬ್ಬರಿನ ಪಟ್ಟಿಯೊಂದನ್ನು ಕಟ್ಟಿದಳು. ಕೈ ಎಷ್ಟು ಹೊತ್ತಿಗೆ ಎಷ್ಟು ನಡುಗುತ್ತದೆ ಎಂದು ಅದು ದಿನವಿಡೀ ಅಳೆಯುತ್ತದೆ, ಫೋನಿನ ಮೂಲಕ ಆಸ್ಪತ್ರೆಗೆ ಕಳಿಸುತ್ತದೆ, ಅದನ್ನು ನೋಡಿ ಮಾತ್ರೆ ಹೆಚ್ಚುಕಡಿಮೆ ಮಾಡುತ್ತೇವೆ ಎಂದಳು. ಸ್ನಾನಕ್ಕೆ ಬಿಟ್ಟರೆ ಬೇರೆ ಯಾವಾಗಲೂ ಬಿಚ್ಚಬಾರದು ಎಂದೂ ಹೇಳಿದಳು.

ಅತ್ತೆ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. "ಮುಳ್ಳಿಲ್ಲ, ಗಂಟೆ ತೋರ್ಸೂದಿಲ್ಲ. ಎಂತ ವಾಚೇ ಇದು?" ಎಂದು ನನ್ನನ್ನು ಕೇಳಿದರು. ಅವತ್ತಿನಿಂದ ಅದು ನಮ್ಮ ಮನೆಯಲ್ಲಿ ವಾಚು ಎಂದೇ ಆಯಿತು.

ಎಲ್ಲ ಸರಿಯಾಗಿಯೇ ನಡೆಯುತ್ತಿತ್ತೇನೋ. ಆದರೆ ಅದೇ ವಾರ ಅತ್ತೆ ಸಾರಿನ ಪಾತ್ರೆ ಇಳಿಸುವಾಗ ಅದು ಜಾರಿ ಕಾಲಿನ ಮೇಲೆ ಚೆಲ್ಲಿತು. ಪಾದದ ಮೇಲೆ ಗುಳ್ಳೆ ಎದ್ದಿತು. ನನ್ನ ಗಂಡ ಅಮ್ಮನ ಕಾಲಿಗೆ ಮುಲಾಮು ಹಚ್ಚುತ್ತಾ ಹಚ್ಚುತ್ತಾ ತೀರ್ಪು ಕೊಟ್ಟುಬಿಟ್ಟರು.

"ಅಮ್ಮ, ಈ ವಾಚಿನ ರಿಪೋರ್ಟು ಬರ್ಲಿ. ನಡುಕ ಹೆಚ್ಚಾಗಿದೆ ಅಂತ ಬಂದ್ರೆ ನೀನಿನ್ನು ಒಲೆ ಹತ್ರ ಹೋಗೋದು ಬೇಡ. ಅಡುಗೆಗೆ ಯಾರನ್ನಾದ್ರೂ ಇಟ್ಕೊಳ್ಳೋಣ."

ಅತ್ತೆ ಕಾಲು ಎಳೆದುಕೊಂಡರು. ಮಗ ಆಚೆ ಹೋದ ಮೇಲೆ ನನ್ನ ಹತ್ತಿರ ಗುಡುಗಿದರು. "ಮಾಣಿಗೆ ನನ್ನ ಕಾಲಿನ ಚಿಂತೆ ಅಂತ ಮಾಡಿದ್ಯಾ? ನನ್ನ ಎಬ್ಸಿದ್ರೆ ಒಲೆ ಖಾಲಿಯಾಗ್ತದೆ, ಚೊಗರು ಕಾಯಿಸ್ಬಹುದು ಅಂತ ಅವಂಗೆ." ಮಾಣಿಗೆ ಐವತ್ತು ದಾಟಿತ್ತು. ಚೊಗರಿನ ಮಾತು ಪೂರ್ತಿ ಸುಳ್ಳೂ ಅಲ್ಲ. ಹಿಂದೊಮ್ಮೆ ಅವರು ಅತ್ತೆಯ ಪಾಯಸದ ಪಾತ್ರೆಯಲ್ಲಿ ಚೊಗರು ಕುದಿಸಿ, ಆಮೇಲಿನ ಹಬ್ಬಕ್ಕೆ ನಮಗೆಲ್ಲ ಕೆಂಪು ಪಾಯಸ ಸಿಕ್ಕಿತ್ತು. ಆದರೆ ಸ್ವಲ್ಪ ಹೊತ್ತಾದ ಮೇಲೆ ಅತ್ತೆ ದನಿ ಇಳಿಸಿ ಹೇಳಿದ್ದು ಬೇರೆ. "ಈ ಮನೆಗೆ ಬಂದಾಗಿಂದ ನಾನು ಮಾಡಿದ್ದನ್ನೇ ಎಲ್ಲ ಉಂಡ್ರು. ಅದೂ ಇಲ್ಲ ಅಂತಾದ್ರೆ ನಾನು ಇಲ್ಲಿ ಎಂತಕ್ಕೆ ಇರ್ಬೇಕು, ನೀನೇ ಹೇಳು."

ಅತ್ತೆ ಒಲೆ ಬಿಡುವುದು ನನಗೂ ಬೇಡವಾಗಿತ್ತು. ನನ್ನ ಸ್ವಾರ್ಥವೂ ಇತ್ತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಕೊಪ್ಪದಲ್ಲಿ ಅಡುಗೆಗೆ ಜನ ಸಿಗುವುದು ಆನೆಗೆ ಚಡ್ಡಿ ಹೊಲಿಸಿದ ಹಾಗೆ. ಕೊನೆಗೆ ಸೌಟು ಬಂದು ಬೀಳುವುದು ನನ್ನ ಕೈಗೇ. ನನ್ನ ಅಡುಗೆ ಉಂಡವರು ಹಲ್ಲು ಚೆನ್ನಾಗಿದೆಯಾ ಎಂದು ವಿಚಾರಿಸಿಕೊಂಡು ಉಣ್ಣಬೇಕು.

ಈಗ ಮಡಿಯ ವಿಷಯ ಹೇಳಬೇಕು. ಅತ್ತೆ ಬೆಳಿಗ್ಗೆ ಸ್ನಾನ ಮಾಡಿ, ಮಡಿಸೀರೆ ಉಟ್ಟು ಅಡುಗೆಮನೆ ಸೇರಿದರೆ ದೇವರಿಗೆ ನೈವೇದ್ಯವಾಗಿ ಮಧ್ಯಾಹ್ನದ ಊಟ ಮುಗಿಯುವವರೆಗೂ ಅವರನ್ನು ಯಾರೂ ಮುಟ್ಟುವ ಹಾಗಿಲ್ಲ, ಅವರೂ ಹೊರಗಿನ ಯಾವುದನ್ನೂ ಮುಟ್ಟುವುದಿಲ್ಲ. ಯಾರ್ಯಾರೋ ಮುಟ್ಟಿದ ರಬ್ಬರಿನ ಪಟ್ಟಿಯನ್ನು ಕಟ್ಟಿಕೊಂಡು ದೇವರ ಅಕ್ಕಿ ತೊಳೆಯುವುದು ಹೇಗೆ? ಹಾಗಾಗಿ ವಾಚು ಸ್ನಾನಕ್ಕೆ ಮೊದಲೇ ಕಿಟಕಿಯ ಕಟ್ಟೆಯ ಮೇಲೆ ಕೂರುತ್ತಿತ್ತು, ಊಟದ ನಂತರವೇ ಕೈಗೆ ಏರುತ್ತಿತ್ತು. ಡಾಕ್ಟರಮ್ಮ ಸ್ನಾನಕ್ಕೆ ಮಾತ್ರ ಎಂದಿದ್ದಾಳೆ ಎಂದು ನಾನು ನೆನಪಿಸಿದೆ.

"ಮಡಿ ಅಂದ್ರೆ ಸ್ನಾನ ಇನ್ನೂ ಮುಗಿದಿಲ್ಲ ಅಂತಲೇ ಲೆಕ್ಕ" ಎಂದರು ಅತ್ತೆ.

"ಬೆಳಿಗ್ಗೆ ಪೂರ್ತಿ ಖಾಲಿ ಇದ್ರೆ ಅಲ್ಲಿ ಗೊತ್ತಾಗ್ತದೆ ಅತ್ತೆ. ಕೇಳ್ತಾರೆ."

ಅತ್ತೆ ಒಂದು ದಿನ ಇದನ್ನು ಯೋಚಿಸಿದರು. ಮರುದಿನ ನಾನು ಸ್ಕೂಟರಿನ ಕೀಲಿ ಹುಡುಕುತ್ತಿದ್ದಾಗ ಅಡುಗೆಮನೆಯ ಹೊಸಿಲಿನ ಒಳಗೇ ನಿಂತು, ಗದ್ದದಿಂದಲೇ ಕಿಟಕಿಯ ಕಡೆ ತೋರಿಸಿದರು.

"ಖಾಲಿ ಇಡೋದು ಬೇಡ. ನೀನು ಕಟ್ಕೊಂಡು ಹೋಗು."

"ನಾನಾ?"

"ಹೂಂ ಮಾರಾಯ್ತಿ. ಹಲ್ಲು ಕೀಳೋ ಕೈ. ಕೂದಲೆಳೆಯಷ್ಟೂ ಆಚೀಚೆ ಆಗ್ಬಾರ್ದು ಅಂತ ನೀನೇ ಹೇಳ್ತಿರ್ತೀಯಲ್ಲ. ಈ ಮೂರು ತಾಲೂಕಲ್ಲಿ ಇಷ್ಟು ಗಟ್ಟಿ ಕೈ ಬೇರೆ ಯಾರದ್ದು ಇದೆ? ಅರ್ಧ ದಿನ ನಿನ್ನ ಕೈ, ಅರ್ಧ ದಿನ ನನ್ನ ಕೈ. ಸರಾಸರಿ ತೆಗೆದ್ರೆ ನಾನು ಒಲೆ ಹತ್ರ ಉಳ್ಕೋತೀನಿ."

ಅತ್ತೆ ಓದಿದ್ದು ಮಿಡ್ಲ್ ಸ್ಕೂಲು. ಸರಾಸರಿಯ ಉಪಯೋಗ ನನ್ನ ಗಂಡನಿಗಿಂತ ಚೆನ್ನಾಗಿ ತಿಳಿದಿತ್ತು. ಹದಿನೆಂಟು ವರ್ಷದ ಸಂಸಾರದಲ್ಲಿ ಅವರು ನನ್ನ ಕೈಯನ್ನು ಹೊಗಳಿದ್ದು ಅದೇ ಮೊದಲು. ಹೊಗಳಿಕೆಗೆ ಕಲ್ಲೂ ಕರಗುತ್ತದೆ, ನಾನು ಯಾವ ಲೆಕ್ಕ? ವಾಚು ಕಟ್ಟಿಕೊಂಡು ಹೊರಟೆ. ಅಡುಗೆಮನೆಯಿಂದ ಕಾಯಿ ತುರಿಯುವ ಸದ್ದು ಬಹಳ ಉಲ್ಲಾಸದಲ್ಲಿ ಕೇಳಿಬರುತ್ತಿತ್ತು.

ಆ ದಿನಗಳಲ್ಲಿ ನನ್ನ ಶಾಲೆಗಳು ಮೇಗುಂದ, ಹಿರೇಕೊಡಿಗೆ, ಸೀತೂರಿನ ಕಡೆ ಇದ್ದವು. ಕೆಲವು ದಿನ ಶೃಂಗೇರಿಯಲ್ಲಿ. ಕುಂಬಳಕಾಯಿ ಗಾತ್ರದ ದವಡೆಯೊಂದನ್ನು ಪ್ಲಾಸ್ಟರಿನಲ್ಲಿ ಮಾಡಿಸಿಕೊಂಡಿದ್ದೆ. ಅದಕ್ಕೆ ತಕ್ಕ ಬ್ರಷ್ಷು ಯಾವ ಕಂಪನಿಯೂ ಮಾಡುವುದಿಲ್ಲವಾದ್ದರಿಂದ ಬಚ್ಚಲು ತಿಕ್ಕುವ ಬ್ರಷ್ಷು ಕೊಳ್ಳಬೇಕಾಯಿತು. ಪೇಟೆಯ ಅಂಗಡಿಯ ಸಾಹೇಬರು ಅದನ್ನು ಕೊಡುವಾಗ, "ಡಾಕ್ಟ್ರೇ, ಬಚ್ಚಲಿಗೆ ತಾನೇ?" ಎಂದು ಕೇಳಿದ್ದರು. ಹಲ್ಲಿಗೆ ಎಂದೆ. ಆಮೇಲೆ ಅವರು ನನ್ನ ಕ್ಲಿನಿಕ್ಕಿಗೆ ಬರುವುದನ್ನು ಬಹಳ ದಿನ ಮುಂದೂಡಿದರು.

ಹಲ್ಲುಜ್ಜುವುದರ ಗುಟ್ಟು ಇಷ್ಟೇ. ಬ್ರಷ್ಷನ್ನು ವಸಡಿನ ಬುಡಕ್ಕೆ ಓರೆಯಾಗಿಟ್ಟು ಇದ್ದಲ್ಲೇ ಸಣ್ಣಗೆ, ಬೇಗ ಬೇಗ ನಡುಗಿಸಬೇಕು. ಅತ್ತಿಂದಿತ್ತ ಗರಗಸ ಎಳೆದ ಹಾಗೆ ಎಳೆಯಬಾರದು. ಅರ್ಧ ಶಾಲೆಗಳಲ್ಲಿ ಇದನ್ನು ಬಾಯಲ್ಲಿ ಹೇಳುತ್ತಿದ್ದೆ, ಉಳಿದರ್ಧದಲ್ಲಿ ದವಡೆ ಹಿಡಿದು ಮಾಡಿ ತೋರಿಸುತ್ತಿದ್ದೆ. ಅದೂ ಒಂದೇ ಸಲವಲ್ಲ, ತರಗತಿ ತರಗತಿಗೆ, ಸಾಲು ಸಾಲಿಗೆ. "ಕೈ ನೋಡಿ ಮಕ್ಕಳೇ! ಹೀಗೆ! ನಡುಗಿಸಿ, ಇನ್ನೂ ಬೇಗ!" ಎಂದು ಕೂಗಿ ಕೂಗಿ ಗಂಟಲು ಕಟ್ಟುತ್ತಿತ್ತು. ಸೀತೂರಿನಲ್ಲಿ ಒಬ್ಬಳು ಪುಟ್ಟ ಹುಡುಗಿ, "ಟೀಚರ್, ಇಷ್ಟು ದೊಡ್ಡ ಹಲ್ಲು ಯಾರ ಬಾಯಿಂದ ಕಿತ್ತಿದ್ದು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಅತ್ತುಬಿಟ್ಟಳು. ಅವಳನ್ನು ಸಮಾಧಾನ ಮಾಡಲು ಇನ್ನೊಂದು ಸುತ್ತು ಉಜ್ಜಿ ತೋರಿಸಿದೆ.

ಇದೆಲ್ಲವನ್ನೂ ಮಾಡುತ್ತಿದ್ದದ್ದು ನನ್ನ ಬಲಗೈ. ಬಲಗೈಯಲ್ಲಿ ಅತ್ತೆಯ ವಾಚು. ಹೊಳೆಯಬೇಕಿತ್ತಲ್ಲವೇ? ದೇವರಾಣೆ ನನಗೂ ಹೊಳೆಯಲಿಲ್ಲ, ಅತ್ತೆಗೂ ಹೊಳೆಯಲಿಲ್ಲ. ಅತ್ತೆಯ ಮನಸ್ಸಿನಲ್ಲಿ ನಾನು ಎಲ್ಲಿಗೆ ಹೋದರೂ ಇಕ್ಕಳ ಹಿಡಿದು ಅಲುಗಾಡದೆ ನಿಂತಿರುವವಳು. ನನ್ನ ಮನಸ್ಸಿನಲ್ಲೂ ನಾನು ಹಾಗೆಯೇ ಇದ್ದೆ.

ಒಂದು ಭಾನುವಾರ ಡಾಕ್ಟರಮ್ಮ ವಿಡಿಯೊ ಕರೆ ಮಾಡಿದಳು. ಊಟವಾಗಿತ್ತು. ನನ್ನ ಗಂಡ ಫೋನನ್ನು ಚೊಗರಿನ ಡಬ್ಬಕ್ಕೆ ಒರಗಿಸಿ ನಿಲ್ಲಿಸಿದರು. ಅತ್ತೆ ಸೆರಗು ಸರಿಮಾಡಿಕೊಂಡು, ಪಾಸಾಗುವುದು ಖಂಡಿತ ಎಂದು ತಿಳಿದಿರುವ ಹುಡುಗಿಯ ಹಾಗೆ ಕೂತರು.

"ಅಜ್ಜಿ, ಮಧ್ಯಾಹ್ನದ ಮೇಲೆ ಒಟ್ಟಾರೆ ಪರವಾಗಿಲ್ಲ. ಆದರೆ ಬೆಳಗಿನ ಹೊತ್ತು ತುಂಬಾ ಕೆಟ್ಟದಾಗಿದೆ" ಎಂದಳು ಡಾಕ್ಟರಮ್ಮ. "ಇಷ್ಟು ಜೋರು ನಡುಕ ನಮ್ಮ ಸ್ಟಡಿಯಲ್ಲಿ ಬೇರೆ ಯಾರಿಗೂ ಇಲ್ಲ. ಮಾತ್ರೆ ಜಾಸ್ತಿ ಮಾಡಬೇಕಾಗುತ್ತೆ."

ಅತ್ತೆ ನನ್ನ ಕೈ ನೋಡಿದರು. ನಾನೂ ನನ್ನ ಕೈ ನೋಡಿಕೊಂಡೆ. ಆಗ ಹೊಳೆಯಿತು. ಎಂಥಾ ಹೊತ್ತಿನಲ್ಲಿ!

"ಇನ್ನೊಂದು ವಿಷಯ" ಎಂದಳು ಆಕೆ. "ಬೆಳಿಗ್ಗೆ ಅಜ್ಜಿ ತುಂಬಾ ನಡೀತಾರೆ. ಎಲ್ಲಿಗೆ ಹೋಗ್ತಾರೆ?"

"ದೇವರಿಗೆ ಪ್ರದಕ್ಷಿಣೆ ಹಾಕ್ತೀನಿ" ಎಂದರು ಅತ್ತೆ, ಕಣ್ಣೂ ಮಿಟುಕಿಸದೆ.

"ಅಷ್ಟೊಂದಾ? ಆಗ ಕೈ ಯಾಕೆ ಅಷ್ಟು ನಡುಗುತ್ತೆ?"

"ಗಂಟೆ ಬಾರಿಸ್ತೀನಲ್ಲ."

ನಾನು ಕಿಟಕಿಯಾಚೆ ನೋಡತೊಡಗಿದೆ. ನನ್ನ ಗಂಡ ಮಾತ್ರ ಫೋನಿಗೆ ಹತ್ತಿರ ಹೋಗಿ ಪರದೆಯ ಮೇಲೆ ಆಕೆ ತೋರಿಸಿದ ನಡುಕದ ಗೆರೆಗಳನ್ನೇ ನೋಡುತ್ತಿದ್ದರು. ಸಂಸಾರದಲ್ಲಿ ಏನೂ ಕಾಣದ ಮನುಷ್ಯ, ಗ್ರಾಫ್ ಕಂಡರೆ ಹದ್ದಿನ ಕಣ್ಣು. "ಭಾನುವಾರ ಮಾತ್ರ ಬೆಳಿಗ್ಗೆ ನಡುಕ ಇಲ್ಲ" ಎಂದರು ನಿಧಾನವಾಗಿ. "ಭಾನುವಾರ ದೇವರಿಗೆ ರಜೆಯಾ ಅಮ್ಮ?" ಆಮೇಲೆ ತಲೆ ತಿರುಗಿಸಿ ನನ್ನ ಕಡೆ ನೋಡಿದರು.

ಡಾಕ್ಟರಮ್ಮ ಇನ್ನೂ ಮಾತ್ರೆಯ ಲೆಕ್ಕ ಹೇಳುತ್ತಿದ್ದಳು. ಹೆಚ್ಚು ಮಾತ್ರೆಗೆ ತಲೆ ಸುತ್ತಬಹುದು, ಒಲೆಯ ಹತ್ತಿರ ಹೋಗದಿದ್ದರೆ ಒಳ್ಳೆಯದು ಎಂದಾಗ ಅತ್ತೆಗೆ ತಡೆಯಲಾಗಲಿಲ್ಲ.

"ನಿಲ್ಸು ಮಗಳೇ. ಆ ಕೈ ನಂದಲ್ಲ. ಈ ಕೂಸಿಂದು, ನನ್ನ ಸೊಸೇದು."

ನಾನು ದವಡೆ, ಬ್ರಷ್ಷು, ಸೀತೂರು ಎಲ್ಲವನ್ನೂ ಹೇಳಿದೆ. ನನ್ನ ಗಂಡ ಮುಖ ಮುಚ್ಚಿಕೊಂಡು ಕೂತರು. ಭುಜ ಅಲುಗುತ್ತಿದ್ದ ರೀತಿಯಿಂದ ನಗುತ್ತಿದ್ದಾರೆ ಎಂದು ಗೊತ್ತಾಯಿತು. ಡಾಕ್ಟರಮ್ಮ ನಗಲಿಲ್ಲ. "ಮೇಡಂ, ನೀವೂ ಡಾಕ್ಟ್ರು. ನೀವೂ ಒಂದು ಸ್ಟಡಿ ಮಾಡ್ತಿದ್ದೀರಿ. ನಿಮ್ಮ ಶಾಲೆ ಮಕ್ಕಳ ಬದಲು ಅವರ ಅಜ್ಜಿಯರು ಬಂದು ಹಲ್ಲು ತೋರಿಸಿದ್ರೆ ನಿಮಗೆ ಹೇಗಾಗುತ್ತೆ?" ಎಂದಳು. ಅವರ ಅಜ್ಜಿಯರಿಗೆ ಹಲ್ಲೇ ಇರುವುದಿಲ್ಲ ಎಂಬ ಉತ್ತರ ನಾಲಿಗೆ ತುದಿಗೆ ಬಂತು, ನುಂಗಿಕೊಂಡೆ. ಬೆಳಗಿನ ಲೆಕ್ಕವನ್ನೆಲ್ಲ ಕಿತ್ತು ಬಿಸಾಡಬೇಕು, ಎರಡು ವಾರ ಅಜ್ಜಿಯೇ ಕಟ್ಟಿಕೊಳ್ಳಬೇಕು, ಅಡುಗೆ ಮಾಡುವಾಗಲೂ, ಆಮೇಲೆಯೇ ಮಾತ್ರೆಯ ಮಾತು ಎಂದು ಫೋನಿಟ್ಟಳು.

ಮಡಿಯ ತೊಡಕನ್ನು ಅತ್ತೆಯೇ ಬಿಡಿಸಿದರು. ಪಟ್ಟಿಗೆ ನೀರು ತಾಗಿದರೆ ಏನಾಗುತ್ತದೆ ಎಂದು ಕೇಳಿದರು. ಬಿಸಿನೀರು ಬೇಡ, ತಣ್ಣೀರಿಗೆ ಏನೂ ಆಗುವುದಿಲ್ಲ ಎಂದೆ. ಸರಿ, ಬೆಳಿಗ್ಗೆ ಅದಕ್ಕೂ ಸ್ನಾನ ಮಾಡಿಸಿ ತಮ್ಮ ಜೊತೆ ಮಡಿಗೆ ಸೇರಿಸಿಕೊಂಡರು. ಇಷ್ಟು ಸುಲಭವಿದ್ದರೆ ಮೊದಲೇ ಯಾಕೆ ಮಾಡಲಿಲ್ಲ ಎಂದು ನನ್ನ ಗಂಡ ಕೇಳಿದ್ದಕ್ಕೆ, "ಮೊದ್ಲು ಅದ್ರ ಅಗತ್ಯ ಬಿದ್ದಿರ್ಲಿಲ್ಲ" ಎಂದರು.

ಆ ಎರಡು ವಾರ ನಮ್ಮ ಮನೆಯಲ್ಲಿ ದಿನವೂ ಹಬ್ಬ. ಇದೇ ತನ್ನ ಕೊನೆಯ ಅಡುಗೆ ಎಂದು ಅತ್ತೆ ಖಚಿತ ಮಾಡಿಕೊಂಡಿದ್ದರು. ಒಂದು ದಿನ ಒತ್ತುಶಾವಿಗೆ ಕಾಯಿಹಾಲು, ಇನ್ನೊಂದು ದಿನ ಕೊಟ್ಟೆಕಡುಬು, ಮತ್ತೊಂದು ದಿನ ಹಾಲುಬಾಯಿ. ಬಡಿಸುವಾಗ, "ಉಣ್ಣಿ, ಇನ್ನು ಸಿಗ್ತದೋ ಇಲ್ವೋ" ಎನ್ನುತ್ತಿದ್ದರು. ಹಾಗೆ ಹೇಳಿದ ಮೇಲೆ ಕಡುಬು ಗಂಟಲಲ್ಲಿ ಇಳಿಯುವುದು ಹೇಗೆ? ನನ್ನ ಗಂಡನಿಗೆ ಇಳಿಯುತ್ತಿರಲಿಲ್ಲ. ನನಗೆ, ನಾಚಿಕೆಯ ಮಾತು, ಚೆನ್ನಾಗಿಯೇ ಇಳಿಯುತ್ತಿತ್ತು. ಆದರೂ ಅತ್ತೆ ಕಡುಬಿನ ಪಾತ್ರೆಯ ಮುಂದೆ ನಿಂತು ಅದರ ಆವಿಯನ್ನೇ ನೋಡುತ್ತಿದ್ದ ಒಂದು ಬೆಳಿಗ್ಗೆ ನನಗೆ ಅಳು ಬಂದದ್ದು ನಿಜ.

ಮತ್ತೆ ಭಾನುವಾರ. ಮತ್ತೆ ಫೋನು. ಅತ್ತೆ ಈ ಸಲ ಸೆರಗು ಸರಿಮಾಡಿಕೊಳ್ಳಲಿಲ್ಲ. ಗೋಡೆಗೆ ಒರಗಿ ಕೂತರು.

"ಅಜ್ಜಿ, ಬೆಳಿಗ್ಗೆ ನಿಮ್ಮ ಕೈ ಎಷ್ಟು ಚೆನ್ನಾಗಿದೆ ಗೊತ್ತಾ?" ಎಂದಳು ಡಾಕ್ಟರಮ್ಮ. "ದಿನದಲ್ಲಿ ಎಲ್ಲಕ್ಕಿಂತ ಕಡಿಮೆ ನಡುಕ ಅಡುಗೆ ಮಾಡುವಾಗಲೇ. ಈ ಕಾಯಿಲೆಯಲ್ಲಿ ಎಷ್ಟೋ ಜನರಿಗೆ ಹಾಗೇ. ಕೈಗೆ ಕೆಲಸ ಇದ್ದರೆ ನಡುಕ ತಗ್ಗುತ್ತೆ, ಸುಮ್ಮನೆ ತೊಡೆ ಮೇಲೆ ಇಟ್ಟುಕೊಂಡರೆ ಶುರುವಾಗುತ್ತೆ. ಬಿಸಿ ಪಾತ್ರೆ, ಭಾರದ ಪಾತ್ರೆ ಬೇರೆಯವರು ಇಳಿಸಲಿ. ಉಳಿದದ್ದು ನೀವೇ ಮಾಡಿ."

ಅತ್ತೆ ಬಾಯಿ ತೆರೆದವರು ತೆರೆದೇ ಇದ್ದರು. ತಾನು ಇಷ್ಟು ದಿನ ಕಷ್ಟಪಟ್ಟು ಬಚ್ಚಿಟ್ಟದ್ದು ತನ್ನ ಒಳ್ಳೆಯ ಕೈಯನ್ನೇ ಎಂದು ಅವರಿಗೆ ಅರ್ಥವಾಗುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದದ್ದೇ ಮಗನ ಕಡೆ ತಿರುಗಿ ನೋಡಿದ ನೋಟ ನೋಡಬೇಕಿತ್ತು. ಗೆದ್ದ ಸೈನ್ಯದ ಸೇನಾಪತಿಯೂ ಹಾಗೆ ನೋಡಿರಲಾರ.

"ಆದರೆ ಸಂಜೆ ಒಂದು ಹೊತ್ತು ತುಂಬಾ ಜಾಸ್ತಿಯಾಗುತ್ತೆ" ಎಂದಳು ಆಕೆ. "ಐದೂವರೆ, ಆರರ ಹೊತ್ತಿಗೆ. ದಿನಾ. ಆಗ ಏನಾಗುತ್ತೆ ಮನೇಲಿ?"

ಐದೂವರೆಗೆ ನಮ್ಮ ಮನೆಯಲ್ಲಿ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ನನ್ನ ಗಂಡ ಕಾಲೇಜಿನಿಂದ ಬರುತ್ತಾರೆ. ಚಪ್ಪಲಿ ಬಿಟ್ಟು ನೇರ ಅಮ್ಮನ ಪಕ್ಕ ಕೂತು, ಆ ಕೈಯನ್ನು ತಮ್ಮ ಕೈಯಲ್ಲಿಟ್ಟುಕೊಂಡು, ಇವತ್ತು ಹೇಗಿದೆ ಎಂದು ಕಣ್ಣು ಕೀಲಿಸಿ ನೋಡುತ್ತಾರೆ. ನೋಡುತ್ತಲೇ ಇರುತ್ತಾರೆ. ನಾನು ಹೇಳುವ ಮೊದಲೇ ಅವರೇ ಹೇಳಿದರು, "ನಾನು ಬರ್ತೀನಿ."

ಯಾರಾದರೂ ಗಮನಿಸುತ್ತಿದ್ದಾರೆ ಎಂದಾಗ ನಡುಕ ಹೆಚ್ಚುವುದು ಸಹಜ, ಹಾಗೆ ನೋಡುವುದನ್ನು ನಿಲ್ಲಿಸಿದರೆ ಸಾಕು, ಮಾತ್ರೆ ಬದಲಿಸುವುದು ಬೇಡ ಎಂದು ಡಾಕ್ಟರಮ್ಮ ಮೃದುವಾಗಿಯೇ ಹೇಳಿದಳು. ನನ್ನ ಗಂಡ ಹೂಂ ಎಂದು ಎದ್ದು ಹಿತ್ತಲಿಗೆ ಹೋದರು. ಚೊಗರಿನ ಬಣ್ಣ ಎಲ್ಲಿಂದ ಬಂತೆಂದು ವರ್ಷಗಟ್ಟಲೆ ಹುಡುಕಿದ ಮನುಷ್ಯನಿಗೆ ಅಮ್ಮನ ಕೈಯ ನಡುಕ ತನ್ನ ಕಣ್ಣಿನಿಂದಲೂ ಬರುತ್ತಿತ್ತೆಂದು ತಿಳಿದದ್ದು ಹೀಗೆ. ನನಗೆ ಪಾಪ ಎನಿಸಿತು.

ಮರುದಿನ ಸಂಜೆ ಅವರು ಬಂದವರು ಅಮ್ಮನ ಹತ್ತಿರ ಕೂರಲಿಲ್ಲ. ಕೋಣೆಗೆ ಹೋಗಿ ಉತ್ತರ ಪತ್ರಿಕೆ ಹರಡಿಕೊಂಡರು. ಅದರ ಮರುದಿನವೂ ಅಷ್ಟೇ. ಅತ್ತೆ ಅಡುಗೆಮನೆಯಲ್ಲಿ ಒಬ್ಬರೇ ಬೇಳೆ ತೊಳೆಯುತ್ತಿದ್ದರು. ಒಲೆ ಗೆದ್ದವರ ಸಂಭ್ರಮ ಮುಖದಲ್ಲಿ ಕಾಣಲಿಲ್ಲ.

"ಅತ್ತೆ, ಅವರು ನೋಡ್ತಾ ಕೂತ್ರೆ ಜಾಸ್ತಿಯಾಗ್ತದೆ ಅಂತ ನಿಮಗೆ ಗೊತ್ತಿತ್ತಾ?" ಎಂದು ಕೇಳಿದೆ.

"ಗೊತ್ತಿಲ್ದೆ ಎಂತ. ಕೈ ನಂದಲ್ವಾ?"

"ಮತ್ತೆ ನೋಡ್ಬೇಡ ಅಂತ ಒಂದು ಮಾತು ಹೇಳ್ಬಾರ್ದಿತ್ತಾ? ಇಷ್ಟೆಲ್ಲ ರಗಳೆ ಇರ್ತಿರ್ಲಿಲ್ಲ."

ಅತ್ತೆ ಬೇಳೆಯ ನೀರು ಬಸಿದರು. "ಮೀಸೆ ಬಂದ ಮೇಲೆ ಮಾಣಿ ನನ್ನ ಕೈ ಹಿಡ್ದಿದ್ದೇ ಇಲ್ಲ. ಈ ನಡುಕ ಬಂದ ಮೇಲೇ ದಿನಾ ಬಂದು ಹಿಡೀತಿದ್ದ. ನಡುಗಿದ್ರೆ ನಡುಗ್ಲಿ ಅಂತ ಸುಮ್ನಿದ್ದೆ."

ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಎಂದು ಇಡೀ ಕೊಪ್ಪಕ್ಕೆ ಗೊತ್ತು. ನೇರ ಕೋಣೆಗೆ ಹೋಗಿ ಗಂಡನಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ ಎದ್ದು ಅಡುಗೆಮನೆಗೆ ಹೋಗಿ ಅಮ್ಮನ ಎಡಮಗ್ಗುಲಿಗೆ ನಿಂತು, ಅವರ ಎಡಗೈ ಹಿಡಿದುಕೊಂಡರು. ಕಣ್ಣು ಮಾತ್ರ ಗೋಡೆಯ ಕಡೆ.

ಅತ್ತೆಯ ಬಲಗೈಯಲ್ಲಿ ಒಗ್ಗರಣೆ ಸೌಟು ಇತ್ತು. ಸಾಸಿವೆ ಸಿಡಿಯಲು ಶುರುವಾಗಿತ್ತು. "ಬಿಡೋ ಮಾಣಿ, ಕರಿಬೇವು ಹಾಕ್ಬೇಕು, ಸೀದು ಹೋಗ್ತದೆ" ಎಂದರು. ಆದರೆ ಕೈ ಎಳೆದುಕೊಳ್ಳಲಿಲ್ಲ. ಮಗನೂ ಬಿಡಲಿಲ್ಲ.

ಒಗ್ಗರಣೆ ಸೀದು ಹೋಯಿತು. ಆ ರಾತ್ರಿ ನಾವು ಮೂವರೂ ಕರಕಲು ಸಾರು ಬಡಿಸಿಕೊಂಡು ಉಂಡೆವು. ನನ್ನ ಗಂಡ ಇನ್ನೊಂದು ಸೌಟು ಹಾಕಿಸಿಕೊಂಡರು.